ಮರಳು ತೊಳೆಯೋದೋ, ಬದಲಿಸೋದೋ, ಗಾಜು ಹಾಕೋದೋ? ಪೂಲ್ ಫಿಲ್ಟರ್ ಹೋಲಿಕೆ

ಈಜುಕೊಳದ ನೀರು ಸ್ವಲ್ಪ ಮಬ್ಬಾದರೆ ಸಾಕು, ಎಲ್ಲರೂ ಫಿಲ್ಟರಿನ ಮರಳನ್ನೇ ಬೈಯುತ್ತಾರೆ. ಒಬ್ಬರು "ಮರಳು ಹಳೆಯದಾಗಿದೆ, ಬದಲಿಸಿ" ಅನ್ನುತ್ತಾರೆ. ಇನ್ನೊಬ್ಬರು "ಮರಳು ಯಾಕೆ, ಪುಡಿ ಗಾಜು ಹಾಕಿ" ಅನ್ನುತ್ತಾರೆ. ಮತ್ತೊಬ್ಬರು ಮರಳಿಗೆ ಬದಲು ಹಾಕುವ ಫೈಬರ್ ಚೆಂಡಿನ ಚೀಲ ತೋರಿಸುತ್ತಾರೆ. ನಾನು ನೋಡಿಕೊಳ್ಳುವ ಕೊಳಕ್ಕೆ ಒಂದೇ ಅಳತೆಯ ಎರಡು ಫಿಲ್ಟರ್ ಟ್ಯಾಂಕ್‌ಗಳಿವೆ. ಎರಡಕ್ಕೂ ಬೇರೆ ಬೇರೆ ಪಂಪ್. ಹಾಗಾಗಿ ಒಂದರಲ್ಲಿ ಒಂದು ಉಪಾಯ, ಪಕ್ಕದ್ದರಲ್ಲಿ ಇನ್ನೊಂದು ಉಪಾಯ ಮಾಡಿ ನೋಡಲು ಅವಕಾಶ ಸಿಕ್ಕಿತು. ನೀರು ಒಂದೇ, ಬಿಸಿಲು ಒಂದೇ, ಈಜುವವರೂ ಅವರೇ. ಹೋಲಿಸಲು ಇದಕ್ಕಿಂತ ಅನುಕೂಲ ಬೇಕಾ?

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ತೊಂದರೆ ನಿಜವಾಗಿ ಮರಳಿನಲ್ಲಿರುವುದು ಕಡಿಮೆ. ಮರಳಿನಲ್ಲೇ ಇದ್ದರೂ, ಬದಲಿಸುವ ಮೊದಲು ಒಮ್ಮೆ ಬಿಚ್ಚಿ ತೊಳೆಯುವುದು ಮೇಲು. ಬದಲಿಸಲೇಬೇಕು ಅಂತಾದಾಗ ಮಾತ್ರ ಗಾಜಿನ ಪ್ರಶ್ನೆ ಬರುತ್ತದೆ. ಅದರ ಉತ್ತರ ನಿಮ್ಮ ಪಂಪಿನ ಕೈಯಲ್ಲಿದೆ.

ಮೊದಲು ಗೇಜ್ ನೋಡಿ

ಚೆನ್ನಾಗಿ ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹರಿಸಿ ಮರಳಿನ ಕೊಳೆಯನ್ನು ಚರಂಡಿಗೆ ಬಿಡುವುದು) ಮಾಡಿದ ತಕ್ಷಣ ಪ್ರೆಶರ್ ಗೇಜ್ ತೋರಿಸುವ ಅಂಕಿಯನ್ನು ಟ್ಯಾಂಕಿನ ಮೇಲೇ ಬರೆದಿಡಿ. ಅದು ಎಲ್ಲರಿಗೂ ಒಂದೇ ಇರುವುದಿಲ್ಲ. ಪಂಪ್, ಪೈಪಿನ ಉದ್ದ, ಟ್ಯಾಂಕಿನ ಅಳತೆ ನೋಡಿಕೊಂಡು ಬದಲಾಗುತ್ತದೆ. ಆ ಅಂಕಿಗಿಂತ 8ರಿಂದ 10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಮಾಡಬೇಕು.

ಅಂಕಿ ಮಾಮೂಲಿಗಿಂತ ಕೆಳಗಿದ್ದರೆ ಮರಳಿನ ತಂಟೆಗೇ ಹೋಗಬೇಡಿ. ಪಂಪಿಗೇ ಸರಿಯಾಗಿ ನೀರು ಸಿಗುತ್ತಿಲ್ಲ ಅಂತ ಅರ್ಥ. ಕೊಳದ ಅಂಚಿನಲ್ಲಿ ಎಲೆ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿ, ಪಂಪಿನ ಬುಟ್ಟಿ, ಪಂಪಿನೊಳಗೆ ತಿರುಗುವ ಇಂಪೆಲ್ಲರಿಗೆ ಸುತ್ತಿಕೊಂಡ ಕೂದಲು, ಇವನ್ನು ನೋಡಿ. ಕೊಳಕ್ಕೆ ನೀರು ವಾಪಸ್ ಬೀಳುವ ಜಾಗದಲ್ಲಿ ಗುಳ್ಳೆ ಏಳುತ್ತಿದ್ದರೆ ಪಂಪ್ ಎಲ್ಲೋ ಗಾಳಿ ಎಳೆಯುತ್ತಿದೆ. ಹೆಚ್ಚಿನ ಸಲ ಅದು ಪಂಪಿನ ಮುಚ್ಚಳದ ಓ-ರಿಂಗ್.

ಕೊಳದ ತಳದಲ್ಲಿ ಮರಳು ಕಾಣಿಸುವುದು ಇನ್ನೊಂದು ದೂರು. ಹೊಸ ಮರಳು ತುಂಬಿದ ಶುರುವಿನಲ್ಲಿ ಸ್ವಲ್ಪ ಪುಡಿ ಬಂದು ನಿಂತುಹೋಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ನಿಲ್ಲದೆ ಬರುತ್ತಿದ್ದರೆ ಟ್ಯಾಂಕಿನ ತಳದಲ್ಲಿರುವ ಲ್ಯಾಟರಲ್ (ಮರಳನ್ನು ತಡೆದು ನೀರನ್ನು ಮಾತ್ರ ಬಿಡುವ ಸಣ್ಣ ಸೀಳುಗಳ ಕೊಳವೆ) ಒಡೆದಿರುತ್ತದೆ, ಇಲ್ಲವೇ ನಡುವಿನ ನಿಂತ ಪೈಪ್ ಬಿರುಕು ಬಿಟ್ಟಿರುತ್ತದೆ. ಇಲ್ಲಿ ಮರಳಿಗೆ ಬದಲು ಗಾಜು ಹಾಕಿದರೆ ಕೊಳದ ತಳದಲ್ಲಿ ಗಾಜು ಕಾಣಿಸುತ್ತದೆ, ಅಷ್ಟೇ.

ನೀರಿನ ಮಟ್ಟ ಸುಮ್ನೆ ಇಳಿಯುತ್ತಿದ್ದರೆ ಮಲ್ಟಿಪೋರ್ಟ್ ವಾಲ್ವನ್ನು (ಹಿಡಿ ತಿರುಗಿಸಿ ನೀರಿನ ದಾರಿ ಬದಲಿಸುವ ವಾಲ್ವ್) ಫಿಲ್ಟರ್ ಸ್ಥಾನದಲ್ಲಿಟ್ಟು, ಚರಂಡಿಗೆ ಹೋಗುವ ವೇಸ್ಟ್ ಪೈಪಿನ ತುದಿ ನೋಡಿ. ಅಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ವಾಲ್ವಿನ ಒಳಗಿನ ಸ್ಪೈಡರ್ ಗ್ಯಾಸ್ಕೆಟ್ ಅನ್ನುವ ರಬ್ಬರ್ ಸೀಲ್ ಸವೆದಿದೆ, ಅಥವಾ ಅದರ ಕೆಳಗೆ ಮರಳಿನ ಕಾಳು ಸಿಕ್ಕಿಕೊಂಡಿದೆ. ಪಂಪ್ ಓಡುತ್ತಿರುವಾಗಲೇ ಹಿಡಿ ತಿರುಗಿಸುವವರ ಕೊಳದಲ್ಲಿ ಈ ರಬ್ಬರ್ ಬೇಗ ಹೋಗುತ್ತದೆ.

ಇವೆಲ್ಲ ದಾಟಿದ ಮೇಲೂ ನೀರು ಮಬ್ಬಾಗಿದ್ದರೆ, ಅಥವಾ ಬ್ಯಾಕ್‌ವಾಶ್ ಮಾಡಿದರೂ ಪ್ರೆಶರ್ ಹಳೆಯ ಅಂಕಿಗೆ ಇಳಿಯದಿದ್ದರೆ, ಆಗ ಮರಳಿನ ಮೇಲೆ ಅನುಮಾನ ಪಡಬಹುದು.

ಹಳೆಯ ಮರಳು: ಹೋಸ್ ಪೈಪೋ, ಕ್ಲೀನರ್ ದ್ರವವೋ?

ನನ್ನ ಎರಡೂ ಟ್ಯಾಂಕ್‌ಗಳಲ್ಲಿ ಇದೇ ಕಥೆಯಿತ್ತು. ಬ್ಯಾಕ್‌ವಾಶ್ ಆದ ಸ್ವಲ್ಪ ಹೊತ್ತಿಗೇ ಪ್ರೆಶರ್ ಏರುತ್ತಿತ್ತು. ಮೇಲಿನ ಮುಚ್ಚಳ ತೆಗೆದು ನೋಡಿದರೆ ಮರಳು ಅಲ್ಲಲ್ಲಿ ಹೆಂಟೆ ಕಟ್ಟಿತ್ತು. ಮೈಗೆ ಹಚ್ಚಿಕೊಳ್ಳುವ ಎಣ್ಣೆ, ಸನ್‌ಸ್ಕ್ರೀನ್, ಗಡಸು ನೀರಿನ ಸುಣ್ಣ ಸೇರಿ ಕಾಳುಗಳನ್ನು ಅಂಟಿಸಿಬಿಡುತ್ತವೆ. ಆಮೇಲೆ ನೀರು ಹೆಂಟೆಯ ಒಳಗೆ ಹೋಗದೆ ಸಂದಿಯಲ್ಲಿ ದಾರಿ ಮಾಡಿಕೊಂಡು ಇಳಿಯುತ್ತದೆ. ಟ್ಯಾಂಕಿನ ತುಂಬ ಮರಳಿದ್ದರೂ ಕೆಲಸ ಮಾಡುವುದು ಅದರಲ್ಲಿ ಒಂದು ಪಾಲು ಮಾತ್ರ.

ಒಂದು ಟ್ಯಾಂಕಿಗೆ ಹೋಸ್ ಪೈಪ್ ಹಿಡಿದೆ. ಪಂಪ್ ನಿಲ್ಲಿಸಿ, ಒಳಗಿನ ಒತ್ತಡ ಬಿಟ್ಟು, ಮೇಲಿನಿಂದ ಪೈಪನ್ನು ಮರಳಿನೊಳಗೆ ನಿಧಾನಕ್ಕೆ ಇಳಿಸಬೇಕು. ನೀರಿನ ರಭಸಕ್ಕೆ ಮರಳು ಸಡಿಲವಾಗುತ್ತದೆ, ಕೊಳೆ ಮೇಲೆದ್ದು ಅಂಚಿನಿಂದ ಹೊರಗೆ ಸುರಿಯುತ್ತದೆ. ಹೆಂಟೆಗಳನ್ನು ಕೈಯಿಂದಲೇ ಒಡೆಯಬೇಕು. ತಳದ ಲ್ಯಾಟರಲ್‌ಗೆ ಪೈಪ್ ಕುಟ್ಟಬಾರದು. ನಡುವಿನ ಪೈಪಿನ ಬಾಯಿ ಮುಚ್ಚಿರಬೇಕು. ಬೆನ್ನು ನೋಯುತ್ತದೆ, ಬಟ್ಟೆ ಪೂರ್ತಿ ಒದ್ದೆ. ಹೊರಬಂದ ನೀರಿನ ಬಣ್ಣ ನೋಡಿದರೆ ಇಷ್ಟು ದಿನ ಇದರಲ್ಲಾ ಈಜಿದ್ದು ಅನ್ನಿಸುತ್ತದೆ.

ಇನ್ನೊಂದಕ್ಕೆ ಫಿಲ್ಟರ್ ಕ್ಲೀನರ್ ದ್ರವ ಹಾಕಿದೆ. ಬ್ಯಾಕ್‌ವಾಶ್ ಮಾಡಿ, ಡಬ್ಬದ ಮೇಲೆ ಬರೆದಷ್ಟು ಸುರಿದು, ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ಮತ್ತೆ ಬ್ಯಾಕ್‌ವಾಶ್. ಮೈ ಒದ್ದೆಯಾಗಲಿಲ್ಲ, ಅದೊಂದು ಸುಖ.

ಫಲಿತಾಂಶದಲ್ಲಿ ಮಾತ್ರ ಹೋಸ್ ಪೈಪ್ ಸ್ಪಷ್ಟವಾಗಿ ಗೆದ್ದಿತು. ಆ ಟ್ಯಾಂಕಿನ ಪ್ರೆಶರ್ ನಾನು ಮೊದಲು ಬರೆದಿಟ್ಟ ಅಂಕಿಗೆ ವಾಪಸ್ ಬಂತು. ದ್ರವ ಹಾಕಿದ ಟ್ಯಾಂಕ್ ಅರ್ಧ ದಾರಿಗೆ ಬಂದು ನಿಂತಿತು. ಜಿಡ್ಡು ಕರಗಿತ್ತು, ಆದರೆ ಹೆಂಟೆಯ ಒಳಗೆ ದ್ರವವೂ ಹೋಗಿರಲಿಲ್ಲ. ನೀರು ಹೋಗದ ಜಾಗಕ್ಕೆ ಮದ್ದು ಹೇಗೆ ಹೋದೀತು, ಅಲ್ವಾ? ಆಮೇಲೆ ಆ ಟ್ಯಾಂಕನ್ನೂ ಬಿಚ್ಚಿ ಹೆಂಟೆ ಒಡೆದು, ಇನ್ನೊಮ್ಮೆ ಕ್ಲೀನರ್ ಹಾಕಿದಾಗ ಚೆನ್ನಾಗಿ ಕೆಲಸ ಮಾಡಿತು. ಅಂದರೆ ದ್ರವ ಸುಳ್ಳಲ್ಲ, ಆದರೆ ಅದರ ಸರದಿ ಎರಡನೆಯದು.

ಒಂದು ಎಚ್ಚರಿಕೆ. ಸುಣ್ಣ ಕರಗಿಸುವ ಕ್ಲೀನರ್‌ಗಳಲ್ಲಿ ಆಸಿಡ್ ಇರುತ್ತದೆ. ಅದು ಕ್ಲೋರಿನ್ ಪುಡಿಗೋ ದ್ರವಕ್ಕೋ ತಗುಲಿದರೆ ವಿಷಗಾಳಿ ಬರುತ್ತದೆ. ಎರಡನ್ನೂ ಒಂದೇ ಬಕೆಟ್ಟಿನಲ್ಲಿ, ಒಂದೇ ಹೊತ್ತಿನಲ್ಲಿ ಬಳಸಲೇಬೇಡಿ.

ಹೊಸ ಮರಳೋ, ಗಾಜೋ?

ಫಿಲ್ಟರ್ ಮರಳು ಸಾಮಾನ್ಯವಾಗಿ 5ರಿಂದ 7 ವರ್ಷ ಬಾಳುತ್ತದೆ ಅನ್ನುತ್ತಾರೆ. ತೊಳೆಯುತ್ತಿದ್ದರೆ ಇನ್ನೂ ಜಾಸ್ತಿ ದಿನ ಎಳೆಯಬಹುದು. ನನ್ನ ಮರಳು ಒಂದು ಹಂತಕ್ಕೆ ಬಂದ ಮೇಲೆ ಒಂದು ಟ್ಯಾಂಕಿಗೆ ಹೊಸ ಮರಳು, ಪಕ್ಕದ್ದಕ್ಕೆ ಪುಡಿ ಗಾಜು ತುಂಬಿದೆ.

ಮರಳು ಅಂದರೆ ಫಿಲ್ಟರಿಗೆಂದೇ ಜರಡಿ ಹಿಡಿದ ಸಿಲಿಕಾ ಮರಳು, ಕಾಳಿನ ಗಾತ್ರ 0.45ರಿಂದ 0.55 ಮಿ.ಮೀ. ಕಟ್ಟಡದ ಮರಳು ಆಗುವುದಿಲ್ಲ. ಅದರಲ್ಲಿ ದಪ್ಪ, ಸಣ್ಣ, ಮಣ್ಣು ಎಲ್ಲ ಬೆರೆತಿರುತ್ತದೆ. ಗಾಜಿನ ಪುಡಿ ಅಂದ ಕೂಡಲೇ ಕೈ ಕೊಯ್ಯುತ್ತದೇನೋ ಅಂತ ಭಯವಾಗುತ್ತದೆ, ಆದರೆ ಇದಕ್ಕೆಂದೇ ಮಾಡಿದ ಗಾಜಿನ ಕಾಳಿನ ಅಂಚು ಮೊಂಡಾಗಿರುತ್ತದೆ. ಎರಡನ್ನೂ ಸುರಿಯುವಾಗ ಮೂಗಿಗೆ ಮಾಸ್ಕ್ ಬೇಕು. ಟ್ಯಾಂಕಿಗೆ ಅರ್ಧದಷ್ಟು ನೀರು ತುಂಬಿಕೊಂಡು ಸುರಿಯಬೇಕು, ಇಲ್ಲದಿದ್ದರೆ ಬೀಳುವ ಭಾರಕ್ಕೆ ಲ್ಯಾಟರಲ್ ಮುರಿಯುತ್ತದೆ. ಗಾಜು ಹಗುರ. 100 ಕೆ.ಜಿ. ಮರಳು ಹಿಡಿಯುವ ಕಡೆ ಸುಮಾರು 80ರಿಂದ 85 ಕೆ.ಜಿ. ಗಾಜು ಸಾಕು.

ಬ್ಯಾಕ್‌ವಾಶ್‌ನಲ್ಲಿ ಗಾಜು ಮುಂದೆ. ಹೊರಹೋಗುವ ನೀರಿನ ಬಣ್ಣ ನೋಡಲು ವಾಲ್ವಿಗಿರುವ ಪಾರದರ್ಶಕ ಬಟ್ಟಲಿನಲ್ಲಿ ನೀರು ತಿಳಿಯಾಗಲು ಮರಳಿನ ಟ್ಯಾಂಕ್ ಎರಡು ಮೂರು ನಿಮಿಷ ತೆಗೆದುಕೊಂಡರೆ ಗಾಜಿನದು ಅದಕ್ಕಿಂತ ಬೇಗ ತಿಳಿಯಾಗುತ್ತದೆ. ಗಾಜಿನ ಮೈ ನುಣುಪು. ಕೊಳೆ ಅದಕ್ಕೆ ಅಷ್ಟಾಗಿ ಅಂಟುವುದಿಲ್ಲ, ಬಿಟ್ಟುಕೊಡುತ್ತದೆ. ನೀರಿನ ಉಳಿತಾಯ ನಿಜ. ಬಿಚ್ಚಿ ನೋಡಿದಾಗ ಮರಳಿನಷ್ಟು ಹೆಂಟೆಯೂ ಕಟ್ಟಿರಲಿಲ್ಲ.

ನೀರಿನ ಹೊಳಪಿನ ಮಾತಿಗೆ ಬಂದರೆ, ಗಾಜು ಹಾಕಿದರೆ ನೀರು ಫಳಫಳ ಅನ್ನುತ್ತದೆ ಅನ್ನುವುದು ನನಗೆ ಕಾಣಲಿಲ್ಲ. ಎರಡೂ ಟ್ಯಾಂಕಿನ ನೀರು ಸೇರುವುದು ಒಂದೇ ಕೊಳಕ್ಕೆ. ಅದಕ್ಕೇ ಎರಡರ ವಾಪಸ್ ಪೈಪಿನಿಂದಲೂ ಬೇರೆ ಬೇರೆ ಬಾಟಲಿಯಲ್ಲಿ ನೀರು ಹಿಡಿದು ಬೆಳಕಿಗೆ ಅಡ್ಡ ಇಟ್ಟು ನೋಡಿದೆ. ಯಾವುದು ಯಾವ ಟ್ಯಾಂಕಿನದು ಅಂತ ಚೀಟಿ ಅಂಟಿಸದಿದ್ದರೆ ಹೇಳುವುದಕ್ಕೇ ಆಗುತ್ತಿರಲಿಲ್ಲ.

ಗಾಜಿನ ಕಷ್ಟ ಒಂದಿದೆ. ಹಗುರವಾದ್ದರಿಂದ ಬ್ಯಾಕ್‌ವಾಶ್ ರಭಸ ಜಾಸ್ತಿಯಾದರೆ ಅದು ಮೇಲೆದ್ದು ವೇಸ್ಟ್ ಪೈಪಿನಲ್ಲಿ ಹೋಗಿಬಿಡುತ್ತದೆ. ಹೊಸದಾಗಿ ತುಂಬಿದಾಗ ಆ ಪೈಪಿನ ಕೆಳಗೆ ಬಿಳಿ ಬಟ್ಟೆ ಹಿಡಿದು ನೋಡುವುದು ಒಳ್ಳೆಯದು. ಮರಳಿನ ಕಷ್ಟ ಇದಕ್ಕೆ ಉಲ್ಟಾ: ಪಂಪ್ ಸಣ್ಣದಾದರೆ ಹಾಸು (ಟ್ಯಾಂಕಿನೊಳಗಿನ ಮರಳಿನ ಪದರ) ಮೇಲೇಳುವುದೇ ಇಲ್ಲ, ಕೊಳೆ ಒಳಗೇ ಉಳಿಯುತ್ತದೆ. ಹಾಗಾಗಿ ಸಣ್ಣ ಪಂಪ್ ಇರುವವರಿಗೆ ನಾನು ಗಾಜು ಹೇಳುತ್ತೇನೆ. ಪಂಪ್ ಸಾಕಷ್ಟು ಬಲವಾಗಿದ್ದು ನೀರಿನ ಕೊರತೆ ಇಲ್ಲದವರು ಮರಳಿನಲ್ಲೇ ನೆಮ್ಮದಿಯಾಗಿರಬಹುದು.

ಪಂಪಿನ ಮಾತು ಬಂತಲ್ಲ, ದೊಡ್ಡ ಪಂಪ್ ಹಾಕಿದರೆ ಫಿಲ್ಟರ್ ಚೆನ್ನಾಗಿ ಓಡುತ್ತದೆ ಅನ್ನುವ ನಂಬಿಕೆ ತುಂಬ ಗಟ್ಟಿ. ಸೋಸುವ ಕೆಲಸಕ್ಕೆ ನಿಧಾನವೇ ಒಳ್ಳೆಯದು. ಹಾಸಿನ ಪ್ರತಿ ಚದರ ಮೀಟರಿಗೆ ಗಂಟೆಗೆ 50 ಘನ ಮೀಟರ್ ನೀರು ಅನ್ನುವುದು ಮನೆ ಬಳಕೆಯ ಫಿಲ್ಟರ್‌ಗಳಿಗೆ ಸಾಮಾನ್ಯ ಲೆಕ್ಕ. ಅದನ್ನು 30ಕ್ಕೆ ಇಳಿಸಿದರೆ ಅದೇ ಮರಳು ಇನ್ನೂ ಸಣ್ಣ ಕೊಳೆ ಹಿಡಿಯುತ್ತದೆ. ಬ್ಯಾಕ್‌ವಾಶ್‌ಗೆ ಮಾತ್ರ ರಭಸ ಬೇಕು. ವೇಗ ಬದಲಿಸಬಹುದಾದ ಪಂಪ್ ಇದ್ದರೆ ಎರಡೂ ಸಿಗುತ್ತದೆ. ನನ್ನ ಕಣ್ಣಿಗೆ ಕಂಡ ಹಾಗೆ, ನೀರಿನ ತಿಳಿ ಹೆಚ್ಚಿಸಿದ್ದು ಗಾಜಿಗಿಂತ ಜಾಸ್ತಿ ಈ ನಿಧಾನವೇ.

ಫೈಬರ್ ಚೆಂಡು

ಇದನ್ನು ನೆಲದ ಮೇಲೆ ನಿಲ್ಲಿಸುವ ಸಣ್ಣ ಕೊಳದಲ್ಲಿ ಬಳಸಿ ನೋಡಿದೆ. ಸುಮಾರು 700 ಗ್ರಾಂ ಚೆಂಡು 25 ಕೆ.ಜಿ. ಮರಳಿಗೆ ಸಮ ಅಂತ ಚೀಲದ ಮೇಲಿರುತ್ತದೆ. ಹೊರಲು ಸುಖ, ತುಂಬಲು ಸುಖ. ನೀರೂ ಬೇಗ ತಿಳಿಯಾಯಿತು, ಮೊದಮೊದಲು ಮರಳಿಗಿಂತ ಬೇಗ ಅಂತಲೇ ಹೇಳಬೇಕು. ಆದರೆ ಸನ್‌ಸ್ಕ್ರೀನ್ ಜಿಡ್ಡು ಸೇರಿದ ಮೇಲೆ ಚೆಂಡುಗಳು ಒತ್ತಿಕೊಂಡು ಚಪ್ಪಟೆಯಾದವು. ಬ್ಯಾಕ್‌ವಾಶ್ ಇವಕ್ಕೆ ಸಾಲುವುದಿಲ್ಲ. ತೆಗೆದು, ಬಕೆಟ್ಟಿನಲ್ಲಿ ಹಿಂಡಿ ತೊಳೆದು, ಒಣಗಿಸಿ ಮತ್ತೆ ಹಾಕಬೇಕು. ಸಣ್ಣ ಟ್ಯಾಂಕಿಗೆ ಇದು ಸರಿ. ದೊಡ್ಡ ಟ್ಯಾಂಕಿಗೆ ಯಾರಾದರೂ ಸಲಹೆ ಕೊಟ್ಟರೆ ತೊಳೆಯುವ ಕೆಲಸಕ್ಕೆ ಅವರನ್ನೇ ಕರೆಯಿರಿ.

ಮಬ್ಬು ನೀರು: ಕ್ಲಾರಿಫೈಯರ್, ಪಟಿಕ, ಅಥವಾ ಸುಮ್ಮನಿರುವುದು

ಮರಳಿನ ಫಿಲ್ಟರ್ ಹಿಡಿಯುವುದು ಸುಮಾರು 20ರಿಂದ 40 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು) ದಪ್ಪಗಿನದನ್ನು. ಸತ್ತ ಪಾಚಿಯ ಪುಡಿ ಅದಕ್ಕಿಂತ ಸಣ್ಣದು, ನುಸುಳಿಕೊಂಡು ಹೋಗುತ್ತದೆ. ಆಗ ಮೂರು ದಾರಿ.

ಕ್ಲಾರಿಫೈಯರ್ ಸಣ್ಣ ಕಣಗಳನ್ನು ಒಟ್ಟುಗೂಡಿಸಿ ಫಿಲ್ಟರಿಗೆ ಸಿಗುವ ಹಾಗೆ ಮಾಡುತ್ತದೆ. ನಿಧಾನ, ಒಂದೆರಡು ದಿನ ಪಂಪ್ ಓಡುತ್ತಲೇ ಇರಬೇಕು. ಜಾಸ್ತಿ ಹಾಕಿದರೆ ನೀರು ಇನ್ನಷ್ಟು ಮಬ್ಬಾಗುತ್ತದೆ, ಮರಳೂ ಅಂಟುತ್ತದೆ. ಫೈಬರ್ ಚೆಂಡಿನ ಜೊತೆಗಂತೂ ಬೇಡವೇ ಬೇಡ. ಪಟಿಕ ಹಾಕಿದರೆ ಎಲ್ಲವೂ ರಾತ್ರೋರಾತ್ರಿ ತಳಕ್ಕೆ ಕೂರುತ್ತದೆ, ಬೆಳಿಗ್ಗೆ ನೋಡಲು ಚಂದ. ಆದರೆ ವಾಲ್ವನ್ನು ವೇಸ್ಟ್ ಸ್ಥಾನದಲ್ಲಿಟ್ಟೇ ಆ ಕೆಸರನ್ನು ಎಳೆಯಬೇಕು. ಫಿಲ್ಟರಿಗೆ ಬಿಟ್ಟರೆ ಮರಳು ಕಟ್ಟಿಕೊಳ್ಳುತ್ತದೆ. ಎಳೆದಷ್ಟೂ ಕೊಳದ ನೀರು ಹೋಗುತ್ತದೆ, ತುಂಬಿಸುವ ಕೆಲಸ ಬೇರೆ. ಮಲ್ಟಿಪೋರ್ಟ್ ವಾಲ್ವ್ ಇಲ್ಲದವರು ಪಟಿಕದ ಗೋಜಿಗೆ ಹೋಗದಿರುವುದು ಕ್ಷೇಮ.

ಮೂರನೆಯ ದಾರಿ ಯಾರಿಗೂ ಇಷ್ಟವಾಗುವುದಿಲ್ಲ: ಕ್ಲೋರಿನ್ ಮತ್ತು ಪಿಎಚ್ ಸರಿಮಾಡಿ, ಪಂಪ್ ಓಡಿಸಿ, ಬ್ಯಾಕ್‌ವಾಶ್ ಮಾಡದೆ ಕಾಯುವುದು. ತೊಳೆದ ಮರಳಿಗಿಂತ ಸ್ವಲ್ಪ ಕೊಳೆಯಾದ ಮರಳು ಚೆನ್ನಾಗಿ ಸೋಸುತ್ತದೆ. ಮೊದಲು ಸಿಕ್ಕ ಕೊಳೆಯೇ ಕಾಳುಗಳ ನಡುವಿನ ಸಂದಿಯನ್ನು ಕಿರಿದು ಮಾಡಿ ಮುಂದಿನ ಸಣ್ಣ ಕೊಳೆಯನ್ನು ಹಿಡಿಯುತ್ತದೆ. ನೀರು ಮಬ್ಬು ಅಂತ ದಿನಾ ಬ್ಯಾಕ್‌ವಾಶ್ ಮಾಡುವವರು ಈ ಪದರವನ್ನು ದಿನಾ ಚರಂಡಿಗೆ ಕಳಿಸುತ್ತಾರೆ. ಕ್ಲಾರಿಫೈಯರ್ ಹಾಕಿದ ಸಲವೂ, ಸುಮ್ಮನೆ ಕಾದ ಸಲವೂ ನನ್ನ ಕೊಳ ತಿಳಿಯಾಗಿದೆ. ಕ್ಲಾರಿಫೈಯರ್‌ನಿಂದ ಸ್ವಲ್ಪ ಬೇಗ, ಅಷ್ಟೇ ವ್ಯತ್ಯಾಸ. ನೀರು ಹಸಿರಾಗಿದ್ದರೆ ಮಾತ್ರ ಇವೆರಡೂ ಆಮೇಲೆ, ಮೊದಲು ಕ್ಲೋರಿನ್. ಜೀವಂತ ಪಾಚಿಯನ್ನು ಸೋಸಿ ಮುಗಿಸಲು ಯಾವ ಮರಳಿಗೂ ಗಾಜಿಗೂ ಆಗುವುದಿಲ್ಲ.

ಈಗ ನನ್ನ ಒಂದು ಟ್ಯಾಂಕಿನಲ್ಲಿ ಮರಳು, ಇನ್ನೊಂದರಲ್ಲಿ ಗಾಜು ಹಾಗೇ ಇದೆ. ಮರಳಿನದನ್ನು ಮುಂದೆ ಖಾಲಿ ಮಾಡುವ ಹೊತ್ತಿಗೆ ಅದಕ್ಕೂ ಗಾಜೇ ತುಂಬುತ್ತೇನೆ, ಬ್ಯಾಕ್‌ವಾಶ್ ನೀರು ಉಳಿಯುತ್ತದೆ ಅನ್ನುವ ಒಂದೇ ಕಾರಣಕ್ಕೆ. ಅಲ್ಲಿಯವರೆಗೆ ಹೋಸ್ ಪೈಪ್ ಸಾಕು.