ಕೋಲಾರದಲ್ಲಿ ಆನ್‌ಲೈನ್ ರೇಡಿಯೊ: ಬಹುಕಾಲ ಬಳಸಿದ ಮೇಲಿನ ವಿಮರ್ಶೆ

ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಮನೆಮಾತಾಗಿರುವ ಕೋಲಾರ ಜಿಲ್ಲೆಗೆ ಬರೀ ಎಫ್‌ಎಂ ಸೆಟ್ಟು ಸಾಲದು. ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮುಳಬಾಗಿಲಿನ ತೆಲುಗು ಮನೆಗೆ ತಿರುಪತಿ, ಕೆಜಿಎಫ್‌ನ ತಮಿಳು ಮನೆಗೆ ಚೆನ್ನೈ, ಕರ್ನಾಟಕ ಸಂಗೀತ ಬೇಕಾದವರಿಗೆ ಆಕಾಶವಾಣಿಯ ಶಾಸ್ತ್ರೀಯ ಸಂಗೀತ ವಾಹಿನಿ ಅಮೃತವರ್ಷಿಣಿ. ಖರ್ಚು ಡೇಟಾದ್ದು ಮಾತ್ರ.

ಆ ಡೇಟಾ ಲೆಕ್ಕವೂ ದೊಡ್ಡದಲ್ಲ. 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಸ್ಟ್ರೀಮ್ ಗಂಟೆಗೆ ಸುಮಾರು 29 ಎಂಬಿ ತಿನ್ನುತ್ತದೆ, 128 ಆದರೆ 58. ಮಾತಿನ ಕಾರ್ಯಕ್ರಮಕ್ಕೆ 64 ಧಾರಾಳ ಸಾಕು.

ಯಾವ ರೇಡಿಯೊ ಆ್ಯಪ್ ಆದರೂ ಸ್ಕ್ರೀನ್ ಆರಿದ ಸ್ವಲ್ಪ ಹೊತ್ತಿಗೆ ದನಿ ನಿಂತರೆ ಮೊದಲು ನೆಟ್‌ವರ್ಕ್ ಅನ್ನು ದೂರಬೇಡಿ. ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ಮುಚ್ಚಿರುತ್ತದೆ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ತೆರೆದು, ಬ್ಯಾಟರಿ ಒತ್ತಿ, 'ಅನ್‌ರಿಸ್ಟ್ರಿಕ್ಟೆಡ್' ಆರಿಸಿ. ಮನೆಯ ವೈಫೈ ಬಿಟ್ಟು ಹೊರಗೆ ಹೊರಟಾಗ ನಿಂತರೆ ಕಾರಣ ಬೇರೆ: ಸಂಪರ್ಕ ಮೊಬೈಲ್ ಡೇಟಾಗೆ ಬದಲಾದಾಗ ಹಳೆಯ ಕೊಂಡಿ ಕಡಿದುಹೋಗುತ್ತದೆ, ಎಲ್ಲ ಪ್ಲೇಯರ್‌ಗಳೂ ತಾವಾಗಿ ಮತ್ತೆ ಸೇರಿಕೊಳ್ಳುವುದಿಲ್ಲ. ನಿಲ್ಲಿಸಿ ಮತ್ತೆ ಒತ್ತಬೇಕು. ಇನ್ನು, ಸ್ಟ್ರೀಮ್ ಕೆಲವು ಸೆಕೆಂಡುಗಳ ತುಣುಕುಗಳಾಗಿ ಬರುತ್ತದೆ. ಮೊದಲು ಒಂದೆರಡು ತುಣುಕು ಕೂಡಿಟ್ಟುಕೊಂಡೇ ನುಡಿಯುವುದರಿಂದ ಎಫ್‌ಎಂಗಿಂತ ಅರ್ಧ ನಿಮಿಷ ಹಿಂದಿರಬಹುದು. ರೇಡಿಯೊ ಹೇಳುವ ಸಮಯಕ್ಕೆ ಗಡಿಯಾರ ಹೊಂದಿಸಬೇಡಿ.

ಚಾನೆಲ್‌ಗಳ ಸಂಖ್ಯೆ ನೋಡಿ ಮರುಳಾಗಲೂಬೇಡಿ. ಬೇರೆ ಬೇರೆ ಆ್ಯಪ್‌ಗಳಲ್ಲಿ 'ಕನ್ನಡ' ಎಂದು ಹುಡುಕಿದರೆ ಸಿಗುವ ಬಹುಪಾಲು ಕೇಂದ್ರಗಳು ದಿನವಿಡೀ ಸಿನಿಮಾ ಹಾಡನ್ನೇ ಹಾಕುತ್ತವೆ. ಸುದ್ದಿಯಲ್ಲಂತೂ ಆಯ್ಕೆಯೇ ಇಲ್ಲ: ಖಾಸಗಿ ಎಫ್‌ಎಂ, ಸ್ಥಳೀಯರಿಗಾಗಿ ನಡೆಯುವ ಪುಟ್ಟ ಸಮುದಾಯ ಬಾನುಲಿ ಎರಡೂ ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದೇ ಹೊರತು ಸ್ವಂತ ವಾರ್ತೆ ಓದುವಂತಿಲ್ಲ.

ಊರಿನ ದನಿಯ ಈ ಕೊರತೆ ಏನೆಂದು ತಿಳಿಯಬೇಕಾದರೆ ಇದೇ ಜಿಲ್ಲೆಯ ಬೂದಿಕೋಟೆಯ ಸಮುದಾಯ ಬಾನುಲಿ 'ನಮ್ಮ ಧ್ವನಿ'ಯನ್ನು ನೆನೆಯಬೇಕು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿ ಪರವಾನಗಿ ಸಿಗುವಂತಾದದ್ದು 2006ರ ನೀತಿಯಿಂದ. ಅದಕ್ಕೂ ಮುಂಚೆಯೇ ಅಲ್ಲಿಯವರು ಕೇಬಲ್ ತಂತಿಯಲ್ಲಿ ಮನೆಮನೆಗೆ ತಮ್ಮೂರಿನ ದನಿ ಕಳಿಸಿದರು. ಊರಿನ ನೀರು, ಬೆಳೆ, ಮಹಿಳಾ ಸಂಘಗಳ ವಿಷಯ ಊರಿನವರ ಬಾಯಲ್ಲೇ ಬರುವುದನ್ನು ದೂರದ ನೂರು ಸ್ಟ್ರೀಮ್‌ಗಳೂ ಕೊಡಲಾರವು.

ಸಮುದಾಯ ಬಾನುಲಿ ಸಾಮಾನ್ಯವಾಗಿ ಹತ್ತು-ಹದಿನೈದು ಕಿಲೋಮೀಟರಿಗಿಂತ ದೂರ ಹೋಗುವುದಿಲ್ಲ, ಅಡ್ಡ ಬೆಟ್ಟವಿದ್ದರೆ ಅಷ್ಟೂ ಇಲ್ಲ. ಸ್ಟ್ರೀಮ್ ಇಲ್ಲದ ಕೇಂದ್ರಕ್ಕೆ, ಫೋನಿನಲ್ಲಿ ಎಫ್‌ಎಂ ಇದ್ದರೆ ಅದನ್ನು ಬಳಸಿ: ಸಾಮಾನ್ಯವಾಗಿ ತಂತಿಯ ಇಯರ್‌ಫೋನ್ ಚುಚ್ಚಬೇಕು, ಅದೇ ಆಂಟೆನಾ. ತಂತಿಯನ್ನು ಸುತ್ತಿಡದೆ ಉದ್ದಕ್ಕೆ ಇಳಿಬಿಟ್ಟು ಕಿಟಕಿ ಹತ್ತಿರ ಕೂತರೆ ಗೊರಗೊರ ಕಡಿಮೆಯಾಗುತ್ತದೆ.