ಎರಡು ಮದುವೆಯಾದ ಹಿರಿಯನ ಹುಡುಕಾಟಕ್ಕೆ ಓಲ್ಡ್ ಬೈಲಿ ಆನ್‌ಲೈನ್

ನಮ್ಮ ಅಳಿಯ ಲಂಡನ್ ಮೂಲದವರು. ಮೊಮ್ಮಗಳಿಗಾಗಿ ಆ ಕಡೆಯ ವಂಶಾವಳಿ ಬರೆಯಲು ಕೂತಾಗ ನನಗೆ ಎಲ್ಲಕ್ಕಿಂತ ಜಾಸ್ತಿ ನೆರವಾದದ್ದು ಓಲ್ಡ್ ಬೈಲಿ ಆನ್‌ಲೈನ್ ಎಂಬ ವೆಬ್‌ಸೈಟ್. ಲಂಡನ್ನಿನ ಆ ದೊಡ್ಡ ಕೋರ್ಟಿನ ವಿಚಾರಣೆಗಳ ಅಚ್ಚಾದ ವರದಿಗಳು, 1674ರಿಂದ 1913ರವರೆಗಿನವು, ಅಲ್ಲಿ ಉಚಿತವಾಗಿ ಓದಲು ಸಿಗುತ್ತವೆ.

ಆ ಮನೆಯ ಹಿರಿಯರಲ್ಲಿ ಒಬ್ಬ ಬಡಗಿ. ಆತನ ಹೆಸರಿನಲ್ಲಿ ಎರಡು ಮದುವೆ ಸರ್ಟಿಫಿಕೇಟು. ಮೊದಲ ಹೆಂಡತಿ ತೀರಿಕೊಂಡದ್ದು ಎರಡನೇ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ. ಅನುಮಾನ ಬರಲೇಬೇಕು ಅಲ್ವಾ? ಸುಮ್ನೆ ಹೆಸರು ಹಾಕಿ ಹುಡುಕಬೇಡಿ. ಸ್ಪೆಲಿಂಗ್ ಬದಲಾಗಿರುತ್ತದೆ, ಎರಡನೇ ಮದುವೆಗೆ ಬೇರೆ ಹೆಸರು ಹೇಳಿದವರೂ ಇದ್ದಾರೆ. ಅಪರಾಧಗಳ ಪಟ್ಟಿಯಲ್ಲಿ 'ಬಿಗಮಿ' (ಮೊದಲ ಮದುವೆ ಇರುವಾಗಲೇ ಇನ್ನೊಂದು ಮದುವೆಯಾಗುವುದು) ಆರಿಸಿ, ವರ್ಷಗಳನ್ನು ಕೊಟ್ಟು, ಒಂದೊಂದೇ ಓದುತ್ತಾ ಹೋಗಿ. ನನಗೆ ಆತ ಸಿಕ್ಕಿದ್ದು ಹಾಗೆ.

ಸಾಕ್ಷಿಗಳ ಮಾತು ಓದಿದಾಗ ಎದೆ ಭಾರವಾಯಿತು. ತನಗೆ ಹೆಂಡತಿ ಇಲ್ಲ ಎಂದು ಆತ ಹೇಳಿದ್ದನ್ನು ಎರಡನೆಯವರು ನಂಬಿದ್ದರು. ಕೂಡಿಟ್ಟ ದುಡ್ಡನ್ನೂ ಅವನ ಕೈಗೆ ಕೊಟ್ಟಿದ್ದರು. ಮೊದಲ ಮದುವೆ ನಡೆದದ್ದು ನಿಜ ಎನ್ನಲು ಬಂದವನು ಮೊದಲನೆಯವರ ಅಣ್ಣ. ಮೊದಲನೆಯವರದ್ದೇ ಒಂದು ಮಾತೂ ಇಲ್ಲ! ಗಂಡನ ಮೇಲಿನ ಇಂಥ ಕೇಸಿನಲ್ಲಿ ಕಾನೂನುಬದ್ಧ ಹೆಂಡತಿ ಸಾಕ್ಷಿ ಹೇಳಲು ಆಗ ಅವಕಾಶವೇ ಇರಲಿಲ್ಲ. ಆ ಬಾಗಿಲು ತೆರೆದದ್ದು 1914ರ ಕಾಯ್ದೆಯಿಂದ. ನಮ್ಮ ಮೊಮ್ಮಗಳು ಈ ಮೊದಲ ಹೆಂಡತಿಯ ವಂಶದವಳೇ. ಹಾಗಾಗಿ ಈ ಮೌನವನ್ನು ಅಲ್ಲಿಗೇ ಬಿಡಲು ನನಗೆ ಮನಸ್ಸಾಗಲಿಲ್ಲ.

ಹಳೇ ಪತ್ರಿಕೆಗಳು ಬೇಕಾಗುವುದು ಇಲ್ಲೇ. ದೊಡ್ಡ ಕೋರ್ಟಿಗೆ ಹೋಗುವ ಮೊದಲು ಕೇಸು ಮ್ಯಾಜಿಸ್ಟ್ರೇಟರ ಮುಂದೆ ಬರುತ್ತಿತ್ತು. ಆ ಕೋರ್ಟನ್ನು ಜನ ಪೊಲೀಸ್ ಕೋರ್ಟ್ ಎನ್ನುತ್ತಿದ್ದರು, ವರದಿಗಾರರು ಅಲ್ಲಿಗೂ ಹೋಗುತ್ತಿದ್ದರು. ಅಂಥದೊಂದು ಸಣ್ಣ ಸುದ್ದಿಯಲ್ಲಿ ಆ ಮೊದಲ ಹೆಂಡತಿ ಸಿಕ್ಕರು. ಮಕ್ಕಳನ್ನು ಕಟ್ಟಿಕೊಂಡು, ಊರವರ ಬಟ್ಟೆ ಒಗೆದು ಬದುಕುತ್ತಿದ್ದರಂತೆ. ಹಳೇ ಪತ್ರಿಕೆಗಳ ವೆಬ್‌ಸೈಟ್ ಆದ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ಗೆ ಚಂದಾ ಕಟ್ಟಬೇಕು. ಮೊದಲು ಓಲ್ಡ್ ಬೈಲಿಯಲ್ಲಿ ತಾರೀಖು ಹಿಡಿದುಕೊಂಡು ಹೋದರೆ ಒಂದು ತಿಂಗಳ ಚಂದಾ ಸಾಕು.

ಆತ ಹಾಗೇಕೆ ಮಾಡಿದ ಎಂದು ಅಳಿಯ ಕೇಳಿದರು. ಇಂಗ್ಲೆಂಡಿನಲ್ಲಿ ಕೋರ್ಟಿನ ಮೂಲಕ ವಿಚ್ಛೇದನ ಸಿಗುವಂತೆ ಮಾಡಿದ್ದು 1857ರ ಕಾಯ್ದೆ. ಆದರೂ ಖರ್ಚು ಬಡಗಿಯ ಕೈಗೆ ಎಟುಕುವಂಥದ್ದಲ್ಲ. 1861ರ ಕಾಯ್ದೆಯಲ್ಲಿ ಈ ಅಪರಾಧಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇತ್ತು. ಹೆಂಡತಿ ಏಳು ವರ್ಷ ಸತತವಾಗಿ ದೂರವಿದ್ದು, ಬದುಕಿರುವುದೇ ಗೊತ್ತಿರಲಿಲ್ಲ ಎಂದಾದರೆ ವಿನಾಯಿತಿ. ನಮ್ಮವನಿಗೆ ಅದು ಸಲ್ಲಲಿಲ್ಲ. ಆಕೆ ಎಲ್ಲಿದ್ದಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಡತನವನ್ನು ನಾನು ಒಪ್ಪುತ್ತೇನೆ, ಇಬ್ಬರು ಹೆಂಗಸರಿಗೆ ಹೇಳಿದ ಸುಳ್ಳನ್ನು ಒಪ್ಪಲಾರೆ.

ಕೊರತೆಗಳೂ ಇವೆ. ಆರೋಪಿ ತಪ್ಪು ಒಪ್ಪಿಕೊಂಡಿದ್ದರೆ ವರದಿ ಹೆಚ್ಚಾಗಿ ಎರಡು ಮೂರು ಸಾಲಿಗೆ ಮುಗಿದುಹೋಗುತ್ತದೆ. ಲಂಡನ್ ಮತ್ತು ಅದರ ಆಸುಪಾಸಿನ ಕೇಸುಗಳೇ ಜಾಸ್ತಿ. ಬೇರೆ ಕೌಂಟಿಯವರಾದರೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಅಲ್ಲಿ ದೊಡ್ಡ ಕೇಸುಗಳು ನಡೆಯುತ್ತಿದ್ದ ಅಸೈಜ್ ಕೋರ್ಟಿನ ದಾಖಲೆ ಹುಡುಕಬೇಕು, ಅವು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಶಿಕ್ಷೆಯಾದ ಮೇಲಿನ ಕಥೆಗೆ ಡಿಜಿಟಲ್ ಪನಾಪ್ಟಿಕಾನ್ ಎಂಬ ವೆಬ್‌ಸೈಟ್ ನೋಡಿ, ಅದೂ ಉಚಿತ. ಜೈಲು ದಾಖಲೆ ಸಿಕ್ಕರೆ ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಗುರುತು ಸಹ ತಿಳಿಯಬಹುದು.