‘ಫುಲ್ ಅನ್‌ಲಾಕ್’ ಸ್ಕೋಪ್ ಅಂದರೆ ದುಡ್ಡು ಕೊಡಬೇಡಿ, ಮೊದಲು ಆಪ್ಷನ್ಸ್ ಪುಟ ನೋಡಿ

ಸೆಕೆಂಡ್ ಹ್ಯಾಂಡ್ ಆಸಿಲೋಸ್ಕೋಪ್ (ವಿದ್ಯುತ್ ಸಿಗ್ನಲ್ಲನ್ನು ಸ್ಕ್ರೀನ್ ಮೇಲೆ ಅಲೆಯಾಗಿ ತೋರಿಸುವ ಯಂತ್ರ) ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ನಾನು ಮೋಸ ಹೋದದ್ದನ್ನು ಎರಡು ವಾರದಿಂದ ಮನೆಯಲ್ಲೂ ಹೇಳಿರಲಿಲ್ಲ. ನಾಚಿಕೆ.

ಕಾರವಾರದ ಬೈತಖೋಲ ಬಂದರಿನ ಬೋಟುಗಳ ಫಿಶ್ ಫೈಂಡರ್, ಜಿಪಿಎಸ್ ರಿಪೇರಿ ನನ್ನ ಕೆಲಸ. ಜೂನ್, ಜುಲೈ ಮೀನುಗಾರಿಕೆ ಬಂದ್ ಇರುವಾಗಲೇ ನಮಗೆ ಕೆಲಸ ಜಾಸ್ತಿ. ಜಿಪಿಎಸ್‌ನಿಂದ ಪ್ಲಾಟರ್‌ಗೆ (ಕಡಲ ನಕ್ಷೆ ತೋರಿಸುವ ಸೆಟ್) 4800 ಬಾಡ್ ವೇಗದಲ್ಲಿ ಹೋಗುವ ಡೇಟಾ ಸ್ಕ್ರೀನ್ ಮೇಲೇ ಅಕ್ಷರವಾಗಿ ಕಾಣಬೇಕಿತ್ತು. ಅದಕ್ಕೇ ಡೀಕೋಡ್ ಇರುವ ಸ್ಕೋಪ್ ಹುಡುಕಿದೆ.

ಸಿಕ್ಕಿದವನು ಹುಬ್ಬಳ್ಳಿ ಕಡೆಯವನು. 50 ಮೆಗಾಹರ್ಟ್ಜ್ ಬ್ಯಾಂಡ್‌ವಿಡ್ತ್‌ನ ಸ್ಕೋಪ್, ಅಂದರೆ ಸುಮಾರು ಅಷ್ಟು ವೇಗದ ಸಿಗ್ನಲ್‌ವರೆಗೆ ತೋರಿಸುತ್ತದೆ. “100ಕ್ಕ ಅನ್‌ಲಾಕ್ ಮಾಡೇನ್ರಿ, ಡೀಕೋಡ್, ಮೆಮರಿ ಎಲ್ಲಾ ಓಪನ್, ಲೈಫ್‌ಟೈಮ್” ಅಂದ. ಕೆಲವು ಮಾಡೆಲ್‌ಗಳಲ್ಲಿ 50ಕ್ಕೂ 100ಕ್ಕೂ ಒಳಗಿನ ಬೋರ್ಡ್ ಒಂದೇ, ಕೀ ಅನ್ನುವ ಕೋಡ್ ಹಾಕಿದರೆ ಬೀಗ ತೆರೆಯುತ್ತದೆ. ಅದು ಗೊತ್ತಿದ್ದರಿಂದಲೇ ನಂಬಿದೆ. ಲಾಡ್ಜ್ ರೂಮಿನಲ್ಲಿ ಆನ್ ಮಾಡಿ ತೋರಿಸಿದ, ಡೀಕೋಡ್ ಓಡಿತು. ಬರೀ ಅನ್‌ಲಾಕ್‌ಗೆ ಅಂತ 6000 ಜಾಸ್ತಿ ಕೊಟ್ಟೆ.

ಜೂನ್ ಮಧ್ಯದಲ್ಲಿ ಒಂದು ದಿನ ಜೋರು ಮಳೆ. ಬೋಟಿನ ಮಾಲೀಕರು ಎದುರಿಗೇ ನಿಂತಿದ್ದಾರೆ, ರೇನ್‌ಕೋಟಿನಿಂದ ನೀರು ಇಳಿಯುತ್ತಿದೆ. ಡೀಕೋಡ್ ಒತ್ತಿದೆ, ಬರಲಿಲ್ಲ. ಮತ್ತೆ ಒತ್ತಿದೆ. ಬರಲಿಲ್ಲ. ಸ್ಕೋಪಿನಲ್ಲಿ ಯಾವ ಸೌಲಭ್ಯ ಓಪನ್ ಇದೆ ಅಂತ ತೋರಿಸುವ ಆಪ್ಷನ್ಸ್ ಪುಟವನ್ನು ಆಗ ಮೊದಲ ಸಲ ತೆರೆದೆ. ಟ್ರಯಲ್, ಉಳಿದ ಸಮಯ ಸೊನ್ನೆ. ಕಂಪನಿ ಪುಕ್ಕಟೆ ಕೊಡುವ ಟ್ರಯಲ್ ಅದು, ಸ್ಕೋಪ್ ಆನ್ ಇದ್ದಷ್ಟು ಹೊತ್ತು ನಿಮಿಷ ಕಳೆಯುತ್ತದೆ. ಪುಕ್ಕಟೆ ಟ್ರಯಲ್ಲನ್ನೇ ನನಗೆ ಆರು ಸಾವಿರಕ್ಕೆ ಮಾರಿದ್ದಾನೆ! ಮಾಲೀಕರ ಮುಖ ನೋಡಲಾಗಲಿಲ್ಲ.

ರಾತ್ರಿ ಬ್ಯಾಂಡ್‌ವಿಡ್ತ್ ಕೂಡ ನೋಡಿದೆ. 74ಎಸಿ14 ಐಸಿಯಿಂದ ಚೂಪಾದ ಪಲ್ಸ್, ಪ್ರೋಬ್ 10ಎಕ್ಸ್‌ನಲ್ಲಿ. 100 ಮೆಗಾಹರ್ಟ್ಜ್ ಆಗಿದ್ದರೆ ರೈಸ್ ಟೈಮ್ (ಪಲ್ಸ್ ಮೇಲೇರಲು ಹಿಡಿಯುವ ಸಮಯ) ಸುಮಾರು ಮೂರೂವರೆ ನ್ಯಾನೋಸೆಕೆಂಡ್ ತೋರಿಸಬೇಕು. ತೋರಿಸಿದ್ದು ಏಳು. ಅಂದರೆ 50 ಹಾಗೇ ಇದೆ. ಮುಂದೆ ಅಂಟಿಸಿದ್ದ 100ರ ಸ್ಟಿಕರ್ ಉಗುರಿನಿಂದ ಕೆರೆದರೆ ಎದ್ದು ಬಂತು.

ಫೋನ್ ಮಾಡಿದೆ. “ನಿಮ್ಮ ಪ್ರೋಬ್ ಸರಿ ಇಲ್ರಿ.” ಟ್ರಯಲ್ ಮುಗಿದ ಫೋಟೋ ಕಳಿಸಿದೆ. “ನೀವ ಏನೋ ಅಪ್‌ಡೇಟ್ ಮಾಡೀರಿ.” ನಾನು ಏನೂ ಮಾಡಿಲ್ಲ! ಕೊನೆಗೆ “2500 ಹಾಕ್ರಿ, ಪರ್ಮನೆಂಟ್ ಕೀ ಕಳಸ್ತೀನಿ” ಅಂದ. ಹಾಕಿದೆ. ಕೆಲಸ ನಿಂತಿತ್ತು, ಹಾಕಿಬಿಟ್ಟೆ. ಬಂದ ಕೀ ಸ್ಕೋಪ್ ತಗೊಳ್ಳಲಿಲ್ಲ. ಕೀ ಆಯಾ ಸೆಟ್ಟಿನ ಸೀರಿಯಲ್ ನಂಬರಿಗೆ ಮಾತ್ರ ಹೊಂದುತ್ತದೆ ಅಲ್ವಾ? ಅವನು ನನ್ನ ಸೀರಿಯಲ್ ನಂಬರ್ ಕೇಳಿಯೇ ಇರಲಿಲ್ಲ! ಕೇಳಿದ್ದಕ್ಕೆ “ಟೈಪ್ ತಪ್ಪ ಮಾಡೀರಿ” ಅಂದ. ಮರುದಿನ ಅವನ ಡಿಪಿಯೇ ಕಾಣಲಿಲ್ಲ, ಬ್ಲಾಕ್ ಮಾಡಿದ್ದ.

ಬಾಯಿಮಾತಿನ ‘ಲೈಫ್‌ಟೈಮ್’ ನಂಬಬೇಡಿ. ಆಪ್ಷನ್ಸ್ ಪುಟ ನಿಮ್ಮ ಕೈಯಾರೆ ತೆರೆಯಿರಿ, ನಿಮಿಷದ ಲೆಕ್ಕ ಕಂಡರೆ ಎದ್ದು ಬನ್ನಿ. ಸೀರಿಯಲ್ ನಂಬರ್ ಕೇಳದೆ ಕೀ ಕೊಡುತ್ತೇನೆ ಅನ್ನುವವನಿಗೆ ಒಂದು ರೂಪಾಯಿಯೂ ಹಾಕಬೇಡಿ. ಕೀ ಬೇಕೇ ಬೇಕಾದರೆ ಕಂಪನಿ ಡೀಲರ್ ಹತ್ತಿರವೇ ಕೇಳಿ.

ಈಗ ಹಳೇ ಲ್ಯಾಪ್‌ಟಾಪಿಗೆ ಯುಎಸ್‌ಬಿ ಸೀರಿಯಲ್ ಕೇಬಲ್ ಹಾಕಿ ಡೇಟಾ ಓದುತ್ತಿದ್ದೇನೆ. ಟೇಬಲ್ ಮೇಲೆ ಇನ್ನೂ ಮೂರು ಸೆಟ್ ಬಿಚ್ಚಿದ ಹಾಗೇ ಇವೆ, ಆಗಸ್ಟ್ 1ಕ್ಕೆ ಬೋಟು ಕಡಲಿಗೆ ಇಳಿಯುತ್ತವೆ.